ಗೋಡೆಯ ಮೇಲಣ ದ್ವಾರಪಾಲಕ

ಹೊಸ ಮನೆಯನ್ನು ಕಟ್ಟುವಾಗ ಬಾಗಿಲು ನಿಲ್ಲಿಸುವ ದಿನ ನಮ್ಮಲ್ಲಿ ಒಂದು ಸಣ್ಣ ಹಬ್ಬವೇ ನಡೆಯುವುದು. ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು, ಮಾವಿನ ತೋರಣ ಕಟ್ಟಿ, ಪೂಜೆ ಮಾಡಿದ ಮೇಲೆಯೇ ಮುಂದಿನ ಕೆಲಸ. ಆಮೇಲೂ ಆ ಬಾಗಿಲಿನ ಯೋಗಕ್ಷೇಮವನ್ನು ಯಜಮಾನನು ಮರೆಯುವುದಿಲ್ಲ. ರಾತ್ರಿ ಮಲಗುವ ಮುನ್ನ ಅಗಳಿ ಹಾಕಿದೆಯೇ ಎಂದು ತಾನೇ ಎದ್ದುಹೋಗಿ ನೋಡುವನು. ಬೀಗದಕೈ ಯಾರ ಬಳಿ ಇದೆಯೆಂಬುದು ಅವನಿಗೆ ಸದಾ ಗೊತ್ತಿರುವುದು.

ಈಚಿನ ವರ್ಷಗಳಲ್ಲಿ ನಮ್ಮ ಅಂಗಡಿ, ಮಂಡಿ, ಕಚೇರಿಗಳಿಗೆಲ್ಲ ಇನ್ನೊಂದು ಬಾಗಿಲು ಬಂದಿದೆ. ಅದಕ್ಕೆ ಹೊಸ್ತಿಲಿಲ್ಲ, ಅಗಳಿಯೂ ಕಣ್ಣಿಗೆ ಕಾಣಿಸದು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ಎರಡು ಮೂರು ಕೊಂಬುಗಳನ್ನೆತ್ತಿಕೊಂಡು, ಹಸುರು ದೀಪಗಳನ್ನು ಮಿಣುಕಿಸುತ್ತ ಕುಳಿತಿರುವ ಪುಟ್ಟ ಪೆಟ್ಟಿಗೆಯೇ ಆ ಬಾಗಿಲು. ಅದನ್ನು ರೂಟರ್ ಎಂದು ಕರೆಯುತ್ತಾರೆ. ವ್ಯಾಪಾರದ ಲೆಕ್ಕ, ಬ್ಯಾಂಕಿನ ವ್ಯವಹಾರ, ಸರಕಾರಕ್ಕೆ ಸಲ್ಲಿಸುವ ತೆರಿಗೆಯ ಪತ್ರಗಳು, ಗಿರಾಕಿಯು ಫೋನಿನಿಂದ ಕೊಡುವ ಹಣದ ಸಮಾಚಾರ, ಇವೆಲ್ಲವೂ ಇಂದು ಆ ಬಾಗಿಲಿನಿಂದಲೇ ಬಂದುಹೋಗುವುವು. ಆದರೆ ಅದರ ಬೀಗದಕೈ ಯಾರಲ್ಲಿದೆಯೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲೆವು? ಈ ಪ್ರಶ್ನೆ ನಮ್ಮ ಮನಸ್ಸಿಗೆ ಬರಲು ಕಾರಣವಾದ ಒಂದು ಸಂಗತಿಯನ್ನು ಮೊದಲು ವಾಚಕರ ಮುಂದಿಡುತ್ತೇವೆ.

ನಮ್ಮ ಭಾವನವರದು ಶಿವಮೊಗ್ಗದಲ್ಲಿ ಅಡಿಕೆಯ ಮಂಡಿ. ಕೆಳಗೆ ವ್ಯಾಪಾರ, ಮಹಡಿಯ ಮೇಲೆ ವಾಸ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬೆಳೆಗಾರರು ತಂದುಹಾಕಿದ ಅಡಿಕೆಯನ್ನು ಮಾರಿಸಿ, ಬಂದ ಹಣವನ್ನು ಅವರವರ ಖಾತೆಗೆ ಮುಟ್ಟಿಸುವುದು ಅವರ ಉದ್ಯೋಗ. ಹೋದ ಮಾಘಮಾಸದಲ್ಲಿ ನಾವು ಅವರಲ್ಲಿಗೆ ಹೋಗಿದ್ದ ದಿನ ಹದಿನೇಳು ಮಂದಿ ಬೆಳೆಗಾರರಿಗೆ ಹಣ ಸಲ್ಲಬೇಕಾಗಿತ್ತು. ಅವರಲ್ಲಿ ಒಬ್ಬರು ಮಗಳ ಮದುವೆಗೆ ಜವಳಿ ತೆಗೆಯಲೆಂದು ಹೆಂಡತಿಯೊಡನೆ ಬಂದು ಜಗಲಿಯಲ್ಲಿ ಕುಳಿತಿದ್ದರು. ಮಂಡಿಯ ಹಳೆಯ ಗುಮಾಸ್ತರು ಗಣಕಯಂತ್ರದ ಮುಂದೆ ಕುಳಿತವರು ಕನ್ನಡಕವನ್ನು ತೆಗೆದು ಒರಸಿಕೊಂಡು, “ಯಜಮಾನರೇ, ಬ್ಯಾಂಕಿನ ಪುಟ ಇವತ್ತು ಏನೋ ಬೇರೆ ಮಾತು ಹೇಳುತ್ತಿದೆ. ಈ ತಾಣವನ್ನು ನಂಬಲಾಗದು ಎಂದು ಎಚ್ಚರಿಕೆ ಬರುತ್ತಿದೆ. ಮುಂದಕ್ಕೆ ಹೋಗಲೋ ಬೇಡವೋ?” ಎಂದರು.

ಭಾವನವರಿಗೆ ಅವಸರ. “ಜನ ಕಾದಿದ್ದಾರೆ, ಮುಂದಕ್ಕೆ ಒತ್ತಿಬಿಡಿ” ಎಂದರು. ಗುಮಾಸ್ತರು ಒತ್ತಲಿಲ್ಲ. “ಮೂವತ್ತು ವರ್ಷ ತಮ್ಮ ಹಣ ಎಣಿಸಿದ ಕೈ ಇದು. ಯಾಕೋ ಮನಸ್ಸು ಒಪ್ಪುವುದಿಲ್ಲ” ಎಂದು ಕೈಕಟ್ಟಿ ಕುಳಿತರು.

ನಾವು ನಮ್ಮ ಜೇಬಿನ ಫೋನಿನಲ್ಲಿ, ಮಂಡಿಯ ವೈ-ಫೈಯನ್ನು ಸೇರದೆ, ಅದೇ ಬ್ಯಾಂಕಿನ ಪುಟವನ್ನು ತೆರೆದು ನೋಡಿದೆವು. ಯಾವ ಎಚ್ಚರಿಕೆಯೂ ಬರಲಿಲ್ಲ. ಮಂಡಿಯ ವೈ-ಫೈಗೆ ಸೇರಿ ತೆರೆದೆವು, ಎಚ್ಚರಿಕೆ ಬಂದಿತು. ದೋಷವು ಬ್ಯಾಂಕಿನದಲ್ಲ, ಗಣಕಯಂತ್ರದ್ದೂ ಅಲ್ಲ, ಗೋಡೆಯ ಮೇಲಿನ ಪೆಟ್ಟಿಗೆಯದೆಂಬುದು ಅಷ್ಟರಿಂದಲೇ ತೋರಿತು.

“ಭಾವ, ಈ ಪೆಟ್ಟಿಗೆಯ ಪಾಸ್‌ವರ್ಡು ಯಾರ ಹತ್ತಿರ ಇದೆ?” ಎಂದು ಕೇಳಿದೆವು.

“ಹಾಕಿಹೋದ ಹುಡುಗನ ಹತ್ತಿರ ಇರಬೇಕು. ಮೂರು ವರ್ಷವಾಯಿತಲ್ಲ, ಅವನು ಈಗ ಬೆಂಗಳೂರು ಸೇರಿದ್ದಾನಂತೆ.”

ಪೆಟ್ಟಿಗೆಯನ್ನು ಗೋಡೆಯಿಂದಿಳಿಸಿ ಬೆನ್ನು ತಿರುಗಿಸಿ ನೋಡಿದೆವು. ಕಾರ್ಖಾನೆಯವರು ಅಂಟಿಸಿದ ಚೀಟಿಯಲ್ಲಿ ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’ ಎಂದು ಅಚ್ಚಾಗಿತ್ತು. ಅದನ್ನೇ ಬರೆದೆವು; ಬಾಗಿಲು ತೆರೆಯಿತು. ಮೂರು ವರ್ಷಗಳಿಂದ ಬೀಗ ಹಾಕಿ ಬೀಗದಕೈಯನ್ನು ಚಿಲಕಕ್ಕೇ ನೇತುಹಾಕಿದಂತಾಗಿತ್ತು. ಒಳಗೆ ಯಾರೋ ಆಗಲೇ ಬಂದುಹೋಗಿದ್ದರು.

ಈ ಪೆಟ್ಟಿಗೆಯ ಕೆಲಸವೇನು?

ನಡೆದುದೇನೆಂದು ತಿಳಿಯಬೇಕಾದರೆ ರೂಟರಿನ ಕೆಲಸವನ್ನು ತಕ್ಕಮಟ್ಟಿಗೆ ಅರಿಯಬೇಕು. ರೂಟ್ ಎಂದರೆ ದಾರಿ. ಬಸ್ಸಿನ ರೂಟ್ ಎಂಬ ಮಾತು ನಮ್ಮ ಹಳ್ಳಿಹಳ್ಳಿಗೂ ತಿಳಿದಿದೆ. ದಾರಿ ತೋರಿಸುವ ಯಂತ್ರವಾದುದರಿಂದ ಇದು ರೂಟರ್. ಅಂತರ್ಜಾಲದಲ್ಲಿ ಪತ್ರವಾಗಲಿ ಚಿತ್ರವಾಗಲಿ ಇಡಿಯಾಗಿ ಸಾಗುವುದಿಲ್ಲ. ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು ಹೋಗುವುದು. ಒಂದೊಂದು ಪೊಟ್ಟಣದ ಮೇಲೂ ಕಳುಹಿಸಿದವರ ಸಂಖ್ಯೆ, ಸೇರಬೇಕಾದವರ ಸಂಖ್ಯೆ ಎರಡೂ ಇರುವುವು. ಅಂಚೆಯನ್ನು ವಿಂಗಡಿಸುವ ಗುಮಾಸ್ತನಂತೆ ರೂಟರು ಆ ಸಂಖ್ಯೆಯನ್ನೋದಿ ಪೊಟ್ಟಣವನ್ನು ಮುಂದಿನ ಠಾಣೆಗೆ ರವಾನಿಸುವುದು.

ಇದರ ಪೂರ್ವಜನು ಅಮೆರಿಕದಲ್ಲಿ ೧೯೬೯ರಲ್ಲಿ ಹುಟ್ಟಿದನು. ಅಲಮಾರಿನಷ್ಟು ದೊಡ್ಡದಾದ ಆ ಯಂತ್ರಗಳ ಮೂಲಕ ಅದೇ ವರ್ಷ ಅಕ್ಟೋಬರ್ ೨೯ರ ರಾತ್ರಿ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾಲಯಕ್ಕೆ ‘ಲಾಗಿನ್’ ಎಂಬ ಶಬ್ದವನ್ನು ಕಳುಹಿಸಲು ಯತ್ನಿಸಿದರು. ಮೊದಲೆರಡು ಅಕ್ಷರಗಳು ಮುಟ್ಟುವಷ್ಟರಲ್ಲಿ ಆಚೆಯ ಗಣಕಯಂತ್ರವು ನಿಂತುಹೋಯಿತು. ಅಷ್ಟು ಸಣ್ಣದಾಗಿ ಆರಂಭವಾದ ಜಾಲವು ೧೯೯೫ರ ಆಗಸ್ಟ್ ೧೫ರಂದು ಭಾರತದ ಸಾರ್ವಜನಿಕರಿಗೂ ತೆರೆಯಿತು. ಅಂದಿನ ಅಲಮಾರು ಇಂದು ಅಂಗೈಯಗಲದ ಪೆಟ್ಟಿಗೆಯಾಗಿ ನಮ್ಮ ಗೋಡೆಗೆ ಬಂದಿದೆ.

ಅಂಗಡಿಯ ರೂಟರು ದಾರಿ ತೋರಿಸುವುದರ ಜೊತೆಗೆ ಇನ್ನೂ ಮೂರು ಕೆಲಸಗಳನ್ನು ಮಾಡುವುದು. ಮೊದಲನೆಯದು, ಒಳಗಿನ ಯಂತ್ರಗಳಿಗೆ ಸಂಖ್ಯೆ ಹಂಚುವುದು. ಸಮಾರಾಧನೆಯ ಪಂಕ್ತಿಯಲ್ಲಿ ಬಂದವರಿಗೆಲ್ಲ ಒಂದೊಂದು ಎಲೆ ತೋರಿಸಿ ಕೂರಿಸುವವನಂತೆ, ಹೊಸದಾಗಿ ಬಂದ ಫೋನಿಗೂ ಗಣಕಯಂತ್ರಕ್ಕೂ ಅದು ಒಂದೊಂದು ಸಂಖ್ಯೆಯನ್ನು ಕೊಡುವುದು. ೧೯೨.೧೬೮ ಎಂದು ಆರಂಭವಾಗುವ ಸಂಖ್ಯೆಗಳನ್ನು ಕೆಲವರು ಕಂಡಿರಬಹುದು. ಇಂತಹ ಮೂರು ಗುಂಪುಗಳನ್ನು ಒಳಮನೆಯ ಬಳಕೆಗೆಂದೇ ೧೯೯೬ರ ನಿಯಮಪತ್ರವೊಂದು ಮೀಸಲಿಟ್ಟಿತು.

ಎರಡನೆಯದು, ಒಳಗಿನ ಎಲ್ಲರ ಪರವಾಗಿ ಹೊರಗೆ ಒಂದೇ ವಿಳಾಸದಿಂದ ವ್ಯವಹರಿಸುವುದು. ಹಳೆಯ ಕ್ರಮದಲ್ಲಿ ಅಂತರ್ಜಾಲದ ವಿಳಾಸಗಳು ಒಟ್ಟು ೪೨೯ ಕೋಟಿ ಚಿಲ್ಲರೆ ಮಾತ್ರ. ಅವುಗಳಲ್ಲಿ ಹಂಚದೆ ಉಳಿದಿದ್ದ ಕೊನೆಯ ಗುಂಪುಗಳು ೨೦೧೧ರ ಫೆಬ್ರವರಿ ೩ರಂದು ಖಂಡಖಂಡಗಳ ಅಧಿಕೃತ ಸಂಸ್ಥೆಗಳ ಪಾಲಾದವು. ಆದುದರಿಂದ ಅವಿಭಕ್ತ ಕುಟುಂಬದ ನಲವತ್ತು ಜನಕ್ಕೆ ಒಂದೇ ಮನೆನಂಬರಿರುವಂತೆ, ನಲವತ್ತು ಯಂತ್ರಗಳಿಗೆ ಹೊರಗೆ ಒಂದೇ ಸಂಖ್ಯೆ. ಯಾರು ಏನನ್ನು ತರಿಸಿದರೆಂಬುದನ್ನು ರೂಟರು ನೆನಪಿಟ್ಟುಕೊಂಡು, ಬಂದುದನ್ನು ಅವರವರಿಗೇ ಮುಟ್ಟಿಸುವುದು. ಯಾರೂ ತರಿಸದೆ ತಾನಾಗಿ ಬಂದುದನ್ನು ಒಳಕ್ಕೆ ಬಿಡದಿರುವುದು ಒಳ್ಳೆಯ ದ್ವಾರಪಾಲಕನ ಲಕ್ಷಣ.

ಮೂರನೆಯದು, ಹೆಸರಿಗೆ ಸಂಖ್ಯೆ ಹೇಳುವವರು ಯಾರೆಂದು ತೋರಿಸಿಕೊಡುವುದು. ನಾವು ಬ್ಯಾಂಕಿನ ಹೆಸರನ್ನು ಬರೆಯುತ್ತೇವೆ. ಯಂತ್ರಕ್ಕೆ ಬೇಕಾದುದು ಸಂಖ್ಯೆ. ಹೆಸರನ್ನು ಕೇಳಿ ಸಂಖ್ಯೆಯನ್ನು ಹೇಳಲು ಜಾಲದಲ್ಲಿ ಬೇರೆ ಯಂತ್ರಗಳಿವೆ. ಯಾವುದನ್ನು ಕೇಳಬೇಕೆಂದು ಒಳಗಿನವರಿಗೆ ಹೇಳುವುದು ರೂಟರು. ಭಾವನವರ ಪೆಟ್ಟಿಗೆಯಲ್ಲಿ ಕಳ್ಳನು ಬದಲಾಯಿಸಿದ್ದು ಇದೊಂದನ್ನೇ. ಊರಿಗೆ ಹೊಸಬನು ಬ್ಯಾಂಕು ಎಲ್ಲಿ ಎಂದು ಕೇಳಿದರೆ ಮೂಲೆಯಲ್ಲಿ ನಿಂತ ಠಕ್ಕನು ತನ್ನ ಮನೆಯ ಕಡೆಗೆ ಕೈತೋರಿಸಿದಂತೆ, ಬ್ಯಾಂಕಿನ ಹೆಸರಿಗೆ ಸುಳ್ಳು ಸಂಖ್ಯೆ ಬರುತ್ತಿತ್ತು. ಅಲ್ಲಿ ಬ್ಯಾಂಕಿನ ಪುಟದಂತೆಯೇ ಕಾಣುವ ಪುಟವೊಂದನ್ನು ಕಟ್ಟಿ ನಿಲ್ಲಿಸುವುದು ಕಷ್ಟವಲ್ಲ. ಆದರೆ ನಿಜವಾದ ಬ್ಯಾಂಕಿನ ತಾಣಕ್ಕೆ ಒಂದು ಪ್ರಮಾಣಪತ್ರವಿರುವುದು. ಅದನ್ನು ಕಳ್ಳನು ತೋರಿಸಲಾರನು. ಗುಮಾಸ್ತರು ಕಂಡ ಎಚ್ಚರಿಕೆಯು ಅದೇ. ಅವರು ಮುಂದಕ್ಕೆ ಒತ್ತಿ ಬ್ಯಾಂಕಿನ ಪಾಸ್‌ವರ್ಡನ್ನು ಬರೆದಿದ್ದರೆ ಅದು ಕಳ್ಳನ ಕೈಸೇರುತ್ತಿತ್ತು. ಹದಿನೇಳು ಮನೆಗಳ ಒಂದು ವರ್ಷದ ದುಡಿಮೆಗೆ ಸಂಚಕಾರ ಬರುತ್ತಿತ್ತು.

ಇದು ಒಂದು ಮಂಡಿಯ ಕಥೆಯೆಂದು ವಾಚಕರು ಭಾವಿಸಬಾರದು. ೨೦೧೧ರಲ್ಲಿ ಬ್ರೆಜಿಲ್ ದೇಶದಲ್ಲಿ ಸುಮಾರು ೪೫ ಲಕ್ಷ ಪೆಟ್ಟಿಗೆಗಳಲ್ಲಿ ಇದೇ ಮೋಸ ನಡೆಯಿತು. ೨೦೧೬ರಲ್ಲಿ ಮೂವರು ಅಮೆರಿಕನ್ ತರುಣರು ರಚಿಸಿದ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಿಂದ ಬಂದ ೬೦ರಷ್ಟು ಹೆಸರು-ಪಾಸ್‌ವರ್ಡುಗಳ ಜೋಡಿಗಳನ್ನು ಒಂದೊಂದಾಗಿ ಪ್ರಯೋಗಿಸಿ ಲಕ್ಷಾಂತರ ಕ್ಯಾಮರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ ೨೧ರಂದು ಅವುಗಳ ದಂಡು ಹೆಸರಿಗೆ ಸಂಖ್ಯೆ ಹೇಳುವ ಸಂಸ್ಥೆಯೊಂದರ ಮೇಲೆ ಬಿದ್ದುದರಿಂದ ಅಮೆರಿಕದಲ್ಲಿ ಪ್ರಸಿದ್ಧವಾದ ಅನೇಕ ತಾಣಗಳು ಗಂಟೆಗಟ್ಟಲೆ ಕಾಣದಾದವು. ಬೀಗ ಒಡೆಯುವ ಜಾಣತನವೇನೂ ಅಲ್ಲಿರಲಿಲ್ಲ. ಯಾರೂ ಬದಲಾಯಿಸದ ಬೀಗದಕೈಗಳ ಗೊಂಚಲೊಂದಿತ್ತು, ಅಷ್ಟೆ.

ಎಲ್ಲಿ ಇಡಬೇಕು, ಹೇಗೆ ಇಡಬೇಕು?

ಭಾವನವರು ಅಂದೇ ಬ್ಯಾಂಕಿಗೆ ಸ್ವತಃ ಹೋಗಿ, ಪಾಸ್‌ವರ್ಡುಗಳನ್ನು ಬದಲಾಯಿಸಿ, ಬೆಳೆಗಾರರ ಹಣವನ್ನು ಸಂಜೆಯೊಳಗೆ ಸಲ್ಲಿಸಿ ಬಂದರು. ಮರುದಿನ ಭಾನುವಾರ. ಜಾಲವನ್ನೆಲ್ಲ ಬುಡದಿಂದ ಮತ್ತೆ ಕಟ್ಟುವುದೆಂದು ನಿಶ್ಚಯಿಸಿದೆವು. ಅಂದು ಮಾಡಿದುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಪೆಟ್ಟಿಗೆಯ ಸ್ಥಾನವು ಎತ್ತರದಲ್ಲಿ, ಆದಷ್ಟು ನಡುವಿನಲ್ಲಿ, ಗಾಳಿಯಾಡುವಂತೆ ಇರಬೇಕು. ಅಂದಗೆಡುವುದೆಂದು ಕಬ್ಬಿಣದ ಬೀರುವಿನೊಳಗೆ ಬಚ್ಚಿಡುವುದುಂಟು. ಹಾಗೆ ಮಾಡಿದರೆ ಅದರ ಅಲೆಗಳು ಹೊರಬರಲಾರವು. ಕಬ್ಬಿಣದ ಷಟರು, ನೀರಿನ ತೊಟ್ಟಿ, ದಪ್ಪ ಕಲ್ಲುಗೋಡೆ ಇವೆಲ್ಲ ಅಲೆಗಳಿಗೆ ಅಡ್ಡಿ. ಎರಡು ತೆರನಾದ ಅಲೆಗಳುಂಟು. ೨.೪ ಗಿಗಾಹರ್ಟ್ಸಿನವು ಗೋಡೆಯನ್ನು ಹಾದು ದೂರ ಹೋಗುವುವು, ಆದರೆ ನಿಧಾನ. ೫ ಗಿಗಾಹರ್ಟ್ಸಿನವು ವೇಗಶಾಲಿಗಳು, ಆದರೆ ಗೋಡೆಗೆ ಬೇಗ ಸೋಲುವುವು. ಮೊದಲನೆಯದರಲ್ಲಿ ಪರಸ್ಪರ ತಾಗದೆ ನಡೆಯುವ ಓಣಿಗಳು ೧, ೬, ೧೧ ಎಂಬ ಮೂರೇ. ನೆರೆಯ ಅಂಗಡಿಯವರೆಲ್ಲ ೬ರಲ್ಲಿ ನೂಕಾಡುತ್ತಿದ್ದರೆ ನಾವು ೧ ಅಥವಾ ೧೧ನ್ನು ಆರಿಸಿಕೊಳ್ಳುವುದು ಲೇಸು.

ಒಂದೇ ಕಡೆ ಕುಳಿತು ಕೆಲಸ ಮಾಡುವ ಗಣಕಯಂತ್ರಕ್ಕೆ ವೈ-ಫೈಗಿಂತ ತಂತಿಯೇ ಮೇಲು. ಆದರೆ ಸಾಮಾನ್ಯವಾಗಿ ಬಳಸುವ ಎಂಟೆಳೆಯ ತಾಮ್ರದ ಕೇಬಲಿಗೆ ೧೦೦ ಮೀಟರು ಮಿತಿ. ಭಾವನವರ ಗೋದಾಮಿನ ಕ್ಯಾಮರಾ ಪದೇ ಪದೇ ಕುರುಡಾಗುತ್ತಿದ್ದುದಕ್ಕೆ ಕಾರಣ ಅದೇ. ಅಳೆದು ನೋಡಿದರೆ ಕೇಬಲು ೧೩೦ ಮೀಟರಾಗಿತ್ತು. ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಗುವಲ್ಲಿ ತಾಮ್ರಕ್ಕೆ ಬದಲಾಗಿ ಗಾಜಿನ ಎಳೆಯ ಫೈಬರನ್ನು ಹಾಕಿಸುವುದು ಉತ್ತಮ. ದೂರವೂ ಅದಕ್ಕೆ ಲೆಕ್ಕವಿಲ್ಲ, ಸಿಡಿಲಿನ ವಿದ್ಯುತ್ತನ್ನೂ ಗಾಜು ಒಯ್ಯುವುದಿಲ್ಲ.

ಸಿಡಿಲಿನ ಮಾತು ಬಂದುದರಿಂದ ಹೇಳಬೇಕಾಗಿದೆ. ಮಲೆನಾಡಿನಲ್ಲಿ ಚೈತ್ರ ವೈಶಾಖಗಳ ಗುಡುಗುಮಳೆ ಎಷ್ಟೋ ರೂಟರುಗಳನ್ನು ಪ್ರತಿವರ್ಷವೂ ಸುಡುತ್ತದೆ. ಹೊರಗಿನಿಂದ ಬರುವ ಎಳೆ ಫೈಬರಾದರೂ, ಪೆಟ್ಟಿಗೆಗೆ ವಿದ್ಯುಚ್ಛಕ್ತಿ ಕೊಡುವ ತಂತಿ ತಾಮ್ರದ್ದೇ. ಗುಡುಗುಮಳೆ ಆರಂಭವಾಗುವ ಮುನ್ನವೇ ಪ್ಲಗ್ಗನ್ನು ಕಿತ್ತಿಡಬೇಕು. ಗುಂಡಿಯನ್ನು ಆರಿಸಿದರೆ ಸಾಲದು. ಕಟ್ಟಡದ ಅರ್ತಿಂಗ್ ಸರಿಯಾಗಿದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಮಳೆಗಾಲಕ್ಕೆ ಮುನ್ನ ಪರೀಕ್ಷೆ ಮಾಡಿಸಬೇಕು. ಕರೆಂಟು ಹೋದಾಗ ಕೆಲಸ ನಿಲ್ಲದಂತೆ ಒಂದು ಚಿಕ್ಕ ಬ್ಯಾಟರಿ ಪೆಟ್ಟಿಗೆಯನ್ನು ಜೋಡಿಸಬಹುದು. ಇಂತಹ ಸಣ್ಣ ರೂಟರುಗಳು ಬಹುಮಟ್ಟಿಗೆ ೧೨ ವೋಲ್ಟಿನವು, ಅಲ್ಪಾಹಾರಿಗಳು. ವ್ಯಾಪಾರಕ್ಕೆ ಅಂತರ್ಜಾಲವೇ ಪ್ರಾಣವಾದವರು ಬೇರೆ ಬೇರೆ ಕಂಪೆನಿಗಳ ಎರಡು ಸಂಪರ್ಕಗಳನ್ನು ಪಡೆದು, ಒಂದು ಕಡಿದರೆ ಇನ್ನೊಂದು ತಾನಾಗಿ ಹಿಡಿಯುವಂತಹ ರೂಟರನ್ನು ಕೊಳ್ಳಬೇಕು. ಆದರೆ ಎರಡೂ ಒಂದೇ ಕಂಬದ ಮೇಲೆ ಬಂದರೆ ಮರ ಬಿದ್ದ ದಿನ ಎರಡೂ ಹೋಗುವುವೆಂಬುದನ್ನು ಮರೆಯಬಾರದು.

ಮೊದಲನೆಯ ದಿನದ ವ್ಯವಸ್ಥೆ

ಪೆಟ್ಟಿಗೆಯನ್ನು ಗೋಡೆಗೆ ಹೊಡೆದು ದೀಪ ಹಸುರಾದೊಡನೆ ಕೆಲಸ ಮುಗಿಯಿತೆಂದು ಜನ ತಿಳಿಯುತ್ತಾರೆ. ನಿಜವಾಗಿ ಕೆಲಸ ಆಗ ಆರಂಭ. ಹಳೆಯ ಪೆಟ್ಟಿಗೆಯಲ್ಲಿ ಕಳ್ಳನು ಕೈಯಾಡಿಸಿದ್ದುದರಿಂದ ನಾವು ಮೊದಲು ಅದರ ರೀಸೆಟ್ ಗುಂಡಿಯನ್ನು ಒತ್ತಿಹಿಡಿದು, ಅದು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿದೆವು. ಬಳಿಕ ಹೊರಗಿನ ಸಂಪರ್ಕವನ್ನು ಕೊಡುವ ಮೊದಲೇ, ಒಂದು ಗಣಕಯಂತ್ರವನ್ನು ತಂತಿಯಿಂದ ಜೋಡಿಸಿ, ಆಡಳಿತದ ಪಾಸ್‌ವರ್ಡನ್ನು ಬದಲಾಯಿಸಿದೆವು. ಮಂಡಿಯ ಹೆಸರು, ಮಕ್ಕಳು ಹುಟ್ಟಿದ ದಿನ, ಫೋನಿನ ಸಂಖ್ಯೆ ಇವು ಯಾವುವೂ ಕೂಡದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಸೇರಿಸಿ ಉದ್ದವಾಗಿ ಮಾಡಿದರೆ ನೆನಪಿಗೂ ಸುಲಭ, ಊಹೆಗೂ ಕಠಿನ. ವೈ-ಫೈಯನ್ನು ಸೇರುವ ಪಾಸ್‌ವರ್ಡು ಬೇರೆ, ಪೆಟ್ಟಿಗೆಯನ್ನು ಆಳುವ ಪಾಸ್‌ವರ್ಡು ಬೇರೆ. ಇವೆರಡನ್ನೂ ಒಂದೇ ಮಾಡುವುದು ಬಹು ಜನರು ಮಾಡುವ ತಪ್ಪು.

ಎರಡನೆಯ ಕೆಲಸ, ಪೆಟ್ಟಿಗೆಯೊಳಗಿನ ಫರ್ಮ್‌ವೇರ್ ಎಂಬ ತಂತ್ರಾಂಶವನ್ನು ತಯಾರಕರು ಕೊಟ್ಟ ಹೊಸ ಆವೃತ್ತಿಗೆ ತರುವುದು. ಕಳ್ಳಕಿಂಡಿಗಳು ಕಂಡಾಗಲೆಲ್ಲ ತಯಾರಕರು ತೇಪೆ ಹಾಕಿ ಕಳುಹಿಸುವರು. ಅದನ್ನು ನಾವು ಹಾಕಿಕೊಳ್ಳದಿದ್ದರೆ ಕಿಂಡಿ ಹಾಗೆಯೇ ಇರುವುದು. ಮೂರನೆಯದು, ಬೇಡದ ಬಾಗಿಲುಗಳನ್ನು ಮುಚ್ಚುವುದು. ಹೊರಗಿನಿಂದ ಪೆಟ್ಟಿಗೆಯನ್ನು ಆಳುವ ಅನುಮತಿ ಭಾವನವರಲ್ಲಿ ತೆರೆದೇ ಇತ್ತು. ಹಾಕಿದ ಹುಡುಗನಲ್ಲಿ ದುರ್ಬುದ್ಧಿಯೇನೂ ಇರಲಿಲ್ಲ. ಮತ್ತೆ ಮತ್ತೆ ಬರುವ ತೊಂದರೆ ತಪ್ಪಿಸಿಕೊಳ್ಳಲು ಅವನು ಹಿತ್ತಿಲ ಬಾಗಿಲನ್ನು ತೆಗೆದಿಟ್ಟಿದ್ದನು. ಕಳ್ಳನು ಬಂದುದು ಅದರಿಂದಲೇ. ಅದನ್ನು ಮುಚ್ಚಿದೆವು. ಗುಂಡಿ ಒತ್ತಿ, ಇಲ್ಲವೆ ಎಂಟಂಕೆಯ ಸಂಖ್ಯೆ ಬರೆದು ವೈ-ಫೈ ಸೇರುವ ಡಬ್ಲ್ಯೂ.ಪಿ.ಎಸ್. ಎಂಬ ಸೌಕರ್ಯವನ್ನೂ ಮುಚ್ಚಿದೆವು. ಆ ಸಂಖ್ಯೆಯನ್ನು ಗಂಟೆಗಳಲ್ಲಿ ಕಂಡುಹಿಡಿಯಬಹುದೆಂಬುದು ೨೦೧೧ರಲ್ಲೇ ಬಯಲಾಗಿತ್ತು. ವೈ-ಫೈಯ ರಕ್ಷಣೆಗೆ ೨೦೧೮ರಲ್ಲಿ ಬಂದ ಡಬ್ಲ್ಯೂ.ಪಿ.ಎ.೩ನ್ನೂ, ಹಳೆಯ ಫೋನುಗಳು ಅದಕ್ಕೆ ಒಗ್ಗದಿದ್ದರೆ ಡಬ್ಲ್ಯೂ.ಪಿ.ಎ.೨ನ್ನೂ ಆರಿಸಬೇಕು. ಅದಕ್ಕಿಂತ ಹಿಂದಿನ ಡಬ್ಲ್ಯೂ.ಇ.ಪಿ. ಎಂಬುದು ಹುಳುಕು ಹಿಡಿದ ಅಗಳಿ.

ಕೊನೆಯದಾಗಿ, ಮಾಡಿದ ವ್ಯವಸ್ಥೆಯ ನಕಲನ್ನು ಕಡತವಾಗಿ ತೆಗೆದು ಬೇರೆ ಕಡೆ ಇಟ್ಟೆವು. ಪೆಟ್ಟಿಗೆ ಸಿಡಿಲಿಗೆ ಸುಟ್ಟರೂ ಅದೇ ಮಾದರಿಯ ಹೊಸದನ್ನು ತಂದು ಅರ್ಧ ಗಂಟೆಯಲ್ಲಿ ಹಿಂದಿನಂತೆ ಮಾಡಿಕೊಳ್ಳಬಹುದು.

ಜಗಲಿ ಬೇರೆ, ಉಗ್ರಾಣ ಬೇರೆ

ನಮ್ಮ ಹಿರಿಯರ ಮನೆಗಳಲ್ಲಿ ಜಗಲಿಗೆ ಬಂದವರೆಲ್ಲ ನಡುಮನೆಗೆ ಬರುತ್ತಿರಲಿಲ್ಲ. ನಡುಮನೆಗೆ ಬಂದವರೆಲ್ಲ ಉಗ್ರಾಣಕ್ಕೆ ಹೋಗುತ್ತಿರಲಿಲ್ಲ. ಅದರಿಂದ ಅತಿಥಿಗಳಿಗೆ ಅವಮಾನವಾಗುತ್ತಿತ್ತೆ? ಭಾವನವರ ಮಂಡಿಯಲ್ಲಿ ಲೆಕ್ಕದ ಗಣಕಯಂತ್ರ, ಮಹಡಿಯ ಮಕ್ಕಳ ಫೋನುಗಳು, ಗೋದಾಮಿನ ಕ್ಯಾಮರಾ, ಕಾದು ಕುಳಿತ ಬೆಳೆಗಾರರ ಫೋನುಗಳು ಎಲ್ಲವೂ ಒಂದೇ ಜಾಲದಲ್ಲಿದ್ದವು. ಯಾರೋ ಒಬ್ಬರ ಫೋನಿಗೆ ಹತ್ತಿದ ರೋಗವು ಲೆಕ್ಕದ ಪುಸ್ತಕದವರೆಗೆ ನಡೆದುಬರಲು ತಡೆಯೇ ಇರಲಿಲ್ಲ.

“ಬೆಳೆಗಾರರು ಹತ್ತಾರು ಮೈಲಿಯಿಂದ ಬಂದವರು. ವೈ-ಫೈ ಕೊಡುವುದಿಲ್ಲ ಎನ್ನಲು ನನಗೆ ಬಾಯಿ ಬಾರದು” ಎಂದರು ಭಾವನವರು.

“ಕೊಡಿ ಭಾವ, ಧಾರಾಳವಾಗಿ ಕೊಡಿ. ಜಗಲಿಯಲ್ಲಿ ಕೊಡಿ” ಎಂದೆವು.

ವ್ಯಾಪಾರಕ್ಕೆಂದು ಮಾಡಿದ ರೂಟರುಗಳಲ್ಲಿ ಒಂದೇ ಪೆಟ್ಟಿಗೆಯಿಂದ ಹಲವು ಪ್ರತ್ಯೇಕ ಜಾಲಗಳನ್ನು ಕಟ್ಟಬಹುದು. ವಿ-ಲ್ಯಾನ್ ಎಂದು ಅದಕ್ಕೆ ಹೆಸರು. ಹೊಸ ರೂಟರನ್ನು ಕೊಳ್ಳುವಾಗ ಈ ಸೌಕರ್ಯವಿದೆಯೇ, ತಯಾರಕರು ಎಷ್ಟು ವರ್ಷ ತೇಪೆಗಳನ್ನು ಕಳುಹಿಸುವರು ಎಂಬ ಎರಡನ್ನು ಕೇಳಿಯೇ ಕೊಳ್ಳಬೇಕು. ಮನೆಬಳಕೆಯ ಪೆಟ್ಟಿಗೆಗಳಲ್ಲಿಯೂ ಅತಿಥಿಗಳ ಜಾಲವೊಂದನ್ನು ಬೇರೆ ಮಾಡುವ ಸೌಲಭ್ಯ ಸಾಮಾನ್ಯವಾಗಿ ಇರುವುದು. ನಾವು ನಾಲ್ಕು ಜಾಲಗಳನ್ನು ಮಾಡಿದೆವು: ಲೆಕ್ಕಕ್ಕೆ ಒಂದು, ಮನೆಗೆ ಒಂದು, ಕ್ಯಾಮರಾಗಳಿಗೆ ಒಂದು, ಬಂದವರಿಗೆ ಒಂದು. ಬಂದವರ ಜಾಲದಿಂದ ಅಂತರ್ಜಾಲಕ್ಕೆ ಹೋಗಬಹುದು, ಒಳಮನೆಗೆ ಬರಲಾಗದು. ಅದರ ಪಾಸ್‌ವರ್ಡನ್ನು ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದು ಹಾಕಿದರೂ ಬಾಧಕವಿಲ್ಲ.

ಆರೈಕೆ

ನಿಲ್ಲಿಸಿದ ಬಾಗಿಲಿಗೆ ಎಣ್ಣೆ ಕಾಣಿಸುತ್ತಿರಬೇಕು. ತಿಂಗಳಿಗೊಮ್ಮೆ ಪೆಟ್ಟಿಗೆಯ ಆಡಳಿತದ ಪುಟವನ್ನು ತೆರೆದು, ಹೊಸ ಫರ್ಮ್‌ವೇರ್ ಬಂದಿದೆಯೇ, ಸೇರಿರುವ ಯಂತ್ರಗಳ ಪಟ್ಟಿಯಲ್ಲಿ ಅಪರಿಚಿತರು ಯಾರಾದರೂ ಇದ್ದಾರೆಯೇ, ಹೆಸರಿಗೆ ಸಂಖ್ಯೆ ಹೇಳುವವರ ಸಂಖ್ಯೆ ನಾವು ಬರೆದದ್ದೇ ಇದೆಯೇ ಎಂಬ ಮೂರನ್ನು ನೋಡಿದರೆ ಸಾಕು. ಕಾಫಿ ಆರುವಷ್ಟು ಹೊತ್ತಿನ ಕೆಲಸ. ಆರು ತಿಂಗಳಿಗೊಮ್ಮೆ ಮೊದಲನೆಯ ಸಂಪರ್ಕವನ್ನು ಬೇಕೆಂದೇ ಕಿತ್ತು, ಎರಡನೆಯದು ಹಿಡಿಯುವುದೇ ಎಂದು ಪರೀಕ್ಷಿಸಬೇಕು. ಕೆಲಸಗಾರರು ಯಾರಾದರೂ ಬಿಟ್ಟುಹೋದರೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ಅವರು ಬಲ್ಲ ಪಾಸ್‌ವರ್ಡುಗಳನ್ನು ಬದಲಾಯಿಸಬೇಕು. ಅಡಿಕೆಯ ಧೂಳು ಗಾಳಿಯ ಕಂಡಿಗಳನ್ನು ಮುಚ್ಚಿದರೆ ಪೆಟ್ಟಿಗೆ ಕಾಯುವುದು; ಆಯುಧಪೂಜೆಯ ದಿನ ಒಣಬಟ್ಟೆಯಿಂದ ಒರಸಿ, ಕುಂಕುಮವನ್ನು ಕಂಡಿಗಳೊಳಗೆ ಬೀಳದಂತೆ ಹಚ್ಚಿದರೆ ದೇವರಿಗೂ ತೃಪ್ತಿ, ಯಂತ್ರಕ್ಕೂ ಕ್ಷೇಮ.

ಅಂತರ್ಜಾಲ ನಿಂತಾಗ ಜನ ಮಾಡುವ ಒಂದು ಅಪಾಯದ ಕೆಲಸವನ್ನು ಹೇಳದೆ ತೀರದು. ಪೆಟ್ಟಿಗೆಯನ್ನು ಆರಿಸಿ, ಅರ್ಧ ನಿಮಿಷ ತಡೆದು, ಮತ್ತೆ ಹೊತ್ತಿಸುವುದು ನಿರಪಾಯವಾದ ಚಿಕಿತ್ಸೆ. ೨೦೧೮ರ ಮೇ ತಿಂಗಳಲ್ಲಿ ೫೪ ದೇಶಗಳ ೫ ಲಕ್ಷಕ್ಕೂ ಮೇಲ್ಪಟ್ಟ ಸಣ್ಣ ರೂಟರು ಮೊದಲಾದ ಯಂತ್ರಗಳಲ್ಲಿ ರೋಗ ಸೇರಿದ್ದುದು ಪತ್ತೆಯಾದಾಗ ಅಮೆರಿಕದ ತನಿಖಾ ಇಲಾಖೆಯೇ ಸಾರ್ವಜನಿಕರಿಗೆ ಹೀಗೆ ಆರಿಸಿ ಹೊತ್ತಿಸಲು ಹೇಳಿತು. ಆದರೆ ಕಡ್ಡಿಯಿಂದ ಒತ್ತುವ ರೀಸೆಟ್ ಗುಂಡಿಯ ಮಾತೇ ಬೇರೆ. ಅದನ್ನು ಒತ್ತಿಹಿಡಿದರೆ ನಾವು ಮಾಡಿದ ವ್ಯವಸ್ಥೆಯೆಲ್ಲ ಅಳಿಸಿಹೋಗಿ, ಕಾರ್ಖಾನೆಯ ಪಾಸ್‌ವರ್ಡೇ ಮರಳಿ ಬರುವುದು. ಅಂತರ್ಜಾಲ ಬಂದಿತೆಂದು ಸಂತೋಷಪಡುವಾಗ ಬಾಗಿಲು ಹಾರುಹೊಡೆದಿರುವುದು ಯಾರಿಗೂ ತಿಳಿಯದು. ಮಂಡಿಯ ಹುಡುಗರಿಗೆಲ್ಲ ಈ ಭೇದವನ್ನು ತಿಳಿಸಿಹೇಳಿದೆವು.

ತಯಾರಕರು ತೇಪೆ ಕಳುಹಿಸುವುದನ್ನು ನಿಲ್ಲಿಸಿದ ಪೆಟ್ಟಿಗೆಯನ್ನು, ಅದು ಚೆನ್ನಾಗಿ ಓಡುತ್ತಿದ್ದರೂ, ವಿಶ್ರಾಂತಿಗೆ ಕಳುಹಿಸಬೇಕು. ಗೃಹಸ್ಥರಿಗೆ ಇದು ಅಪವ್ಯಯವೆಂದು ತೋರಬಹುದು. ಗೆದ್ದಲು ಹಿಡಿದ ಬಾಗಿಲನ್ನು ಇನ್ನೂ ನಿಂತಿದೆಯೆಂಬ ಕಾರಣಕ್ಕೆ ಉಳಿಸಿಕೊಳ್ಳುವವರುಂಟೆ? ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡುಗಳೊಡನೆ ಇಂತಹ ಯಂತ್ರಗಳನ್ನು ಮಾರಬಾರದೆಂದು ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದ ಕಾಯಿದೆಯೇ ಜಾರಿಗೆ ಬಂದಿದೆ. ನಮ್ಮ ದೇಶದಲ್ಲಿಯೂ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ಆದೇಶದಂತೆ, ಇಂತಹ ಆಕ್ರಮಣಗಳು ಗೊತ್ತಾದ ೬ ಗಂಟೆಗಳೊಳಗೆ ಸಂಸ್ಥೆಗಳು ವರದಿ ಮಾಡಬೇಕು. ೧೮೦ ದಿನಗಳ ದಾಖಲೆಗಳನ್ನು ಕಾದಿಡಬೇಕು. ಮೋಸದಿಂದ ಹಣವೇ ಹೋದ ಪಕ್ಷದಲ್ಲಿ ಕ್ಷಣವೂ ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿ ತಡೆಯುವ ಸಂಭವ ಹೆಚ್ಚು.

ಬೀಗದಕೈ ಯಾರಲ್ಲಿ?

ಅಂದು ಸಂಜೆ ಕೆಲಸ ಮುಗಿದ ಮೇಲೆ ನಾವು ಭಾವನವರ ಕೈಗೆ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ಕೊಟ್ಟು, ಅವರ ಕೈಯಿಂದಲೇ ಬರೆಸಿದೆವು. ಪೆಟ್ಟಿಗೆಯ ಮಾದರಿ, ಕೊಂಡ ದಿನ, ಸಂಪರ್ಕ ಕೊಟ್ಟವರ ಫೋನು, ಪಾಸ್‌ವರ್ಡುಗಳು, ನಾಲ್ಕು ಜಾಲಗಳ ಹೆಸರು, ಯಾವ ಕೇಬಲು ಎಲ್ಲಿಂದ ಎಲ್ಲಿಗೆ ಹೋಗಿದೆಯೆಂಬ ಚಿತ್ರ, ಎಲ್ಲವೂ ಅದರಲ್ಲಿ ಸೇರಿದ್ದವು. ಪಾಸ್‌ವರ್ಡನ್ನು ಬರೆದಿಡಬಾರದೆಂದು ಕೆಲವರು ಹೇಳುವರು. ಗಣಕಯಂತ್ರದ ಮೇಲೆ ಚೀಟಿ ಅಂಟಿಸುವುದಕ್ಕೆ ಆ ಮಾತು ಸರಿ. ತಿಜೋರಿಯೊಳಗಿನ ಪುಸ್ತಕಕ್ಕೆ ಅದು ಸಲ್ಲದು. ಸಮುದ್ರದಾಚೆಯ ಕಳ್ಳನು ಶಿವಮೊಗ್ಗದ ತಿಜೋರಿಯನ್ನು ತೆರೆಯಲಾರನು. ಭಾವನವರಿಗೆ ಕಾಯಿಲೆಯಾದರೆ ಅಕ್ಕನಾಗಲಿ ಮಗನಾಗಲಿ ಆ ಪುಸ್ತಕವನ್ನು ನೋಡಿ ವ್ಯಾಪಾರವನ್ನು ನಡೆಸಬಲ್ಲರು.

ಹಾಕುವ ಕೆಲಸವನ್ನು ಬಲ್ಲವರಿಂದ ಮಾಡಿಸುವುದರಲ್ಲಿ ತಪ್ಪೇನೂ ಇಲ್ಲ; ಬಾಗಿಲನ್ನು ಮಾಡುವವನು ಬಡಗಿಯೇ ಅಲ್ಲವೆ? ಆದರೆ ಬಡಗಿಯು ಹೋಗುವಾಗ ಬೀಗದಕೈಯನ್ನು ಯಜಮಾನನ ಕೈಗೆ ಕೊಟ್ಟು ಹೋಗಬೇಕು. ಯಜಮಾನನು ಕೇಳಿ ಪಡೆಯಬೇಕು. ನಮಗೆ ಇವೆಲ್ಲ ತಿಳಿಯದು ಎಂದು ಕೈಬಿಡುವುದು ಸುಲಭ. ಆ ಅಜ್ಞಾನದ ಬೆಲೆಯನ್ನು ತೆರುವವರು ನಾವೊಬ್ಬರೇ ಅಲ್ಲ. ನಮ್ಮನ್ನು ನಂಬಿ ಜಗಲಿಯಲ್ಲಿ ಕಾದು ಕುಳಿತವರೂ ತೆರಬೇಕಾಗುವುದು.

ಮೊನ್ನೆ ಮತ್ತೆ ಭಾವನವರಲ್ಲಿಗೆ ಹೋಗಿದ್ದೆವು. ಆ ಬೆಳೆಗಾರರ ಮಗಳ ಮದುವೆ ಚೆನ್ನಾಗಿ ನಡೆಯಿತೆಂದು ಗುಮಾಸ್ತರು ತಾವೇ ಮುಂದಾಗಿ ಹೇಳಿದರು. ಅವರಿಗೂ ಲಗ್ನಪತ್ರಿಕೆ ಬಂದಿತ್ತಂತೆ. ರಾತ್ರಿ ಊಟವಾದ ಮೇಲೆ ಭಾವನವರು ಎಂದಿನಂತೆ ಷಟರಿನ ಬೀಗವನ್ನು ಎಳೆದು ನೋಡಿದರು. ಬಳಿಕ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯತ್ತಲೂ ಒಮ್ಮೆ ಕಣ್ಣು ಹಾಯಿಸಿ, ಮಹಡಿಯ ಮೆಟ್ಟಿಲು ಹತ್ತಿದರು.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಇಂದು ಅಂಗಡಿಯ ಕದವಿಕ್ಕುವ ಮುನ್ನ ನಿಮ್ಮ ಗೋಡೆಯ ಮೇಲಿನ ಪೆಟ್ಟಿಗೆಯ ಬೆನ್ನನ್ನೊಮ್ಮೆ ತಿರುಗಿಸಿ, ಅಲ್ಲಿರುವ ಚೀಟಿಯನ್ನು ಓದಿರಿ. ಆ ಚೀಟಿಯ ಪಾಸ್‌ವರ್ಡೇ ಇನ್ನೂ ಪೆಟ್ಟಿಗೆಯನ್ನು ಆಳುತ್ತಿದ್ದರೆ, ನಾಳೆಯವರೆಗೆ ಕಾಯಬೇಡಿರಿ.